ಇಲ್ಲಿ ‘ಟೀ’ ಅಂದರೆ ಊಟ

“ಗುರುವಾರ ಐದೂವರೆಗೆ ಟೀಗೆ ಬನ್ನಿ” ಎಂದು ಪಕ್ಕದ ಮನೆಯ ಅಜ್ಜಿ ಕರೆದಾಗ ನಾವು ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ವಾರ ಆಗಿತ್ತು. ಟೀ ತಾನೇ ಎಂದು ಮನೆಯಲ್ಲೇ ಅವಲಕ್ಕಿ ತಿಂದು, ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಹೋದೆವು.

ನೋಡಿದರೆ ಮೇಜಿನ ಮೇಲೆ ತಟ್ಟೆ, ಚಾಕು, ಫೋರ್ಕು. ಆಗಷ್ಟೇ ಓವನ್ನಿಂದ ತೆಗೆದ ಚೀಸ್-ಈರುಳ್ಳಿ ಪೈ, ಬೇಯಿಸಿದ ಆಲೂಗಡ್ಡೆ, ಬಟಾಣಿ. ನಾವು ಮಾಂಸ ತಿನ್ನಲ್ಲ ಎಂದು ಯಾವಾಗಲೋ ಹೇಳಿದ್ದು ಅವರಿಗೆ ನೆನಪಿತ್ತು. ಟೀ ಕೂಡ ಇತ್ತು, ಆರದಿರಲೆಂದು ಉಣ್ಣೆಯ ಟೋಪಿ ತೊಡಿಸಿದ ಟೀಪಾಟಿನಲ್ಲಿ. ನಮ್ಮ ಹೊಟ್ಟೆ ತುಂಬಿತ್ತು. ಆದರೂ ತಟ್ಟೆಯಲ್ಲಿ ಏನೂ ಬಿಡಲಿಲ್ಲ. ಅಷ್ಟು ಅಕ್ಕರೆಯಿಂದ ಮಾಡಿದ್ದನ್ನು ಬಿಡೋದು ಹೇಗೆ?

ಉತ್ತರ ಇಂಗ್ಲೆಂಡಿನ ಬಹಳಷ್ಟು ಮನೆಗಳಲ್ಲಿ ಟೀ ಅಂದರೆ ಸಂಜೆಯ ಊಟ. ಹಾಗಾದರೆ ಡಿನ್ನರ್? ಅದು ಮಧ್ಯಾಹ್ನದ್ದು. ಶಾಲೆಯಲ್ಲಿ ಮಧ್ಯಾಹ್ನ ಮಕ್ಕಳಿಗೆ ಬಡಿಸುವವರು ಡಿನ್ನರ್ ಲೇಡಿ.

ಲೀಡ್ಸ್ ಉಣ್ಣೆ ಗಿರಣಿಗಳಿಂದ ಬೆಳೆದ ಊರು. ಗಿರಣಿಯಲ್ಲಿ, ಗಣಿಯಲ್ಲಿ ದುಡಿದು ಸಂಜೆ ಹಸಿದು ಬಂದವರಿಗೆ ಬೇಕಾಗಿದ್ದು ಬಿಸಿ ಊಟ, ಜೊತೆಗೆ ಕಡಕ್ ಟೀ. ಟೀ ಹೆಸರೇ ಊಟಕ್ಕೂ ಅಂಟಿಕೊಂಡಿತು. ಸಿರಿವಂತರ ಮನೆಗಳಲ್ಲಿ ರಾತ್ರಿ ಊಟ ಎಂಟರ ಮೇಲೆ. ಅಲ್ಲಿವರೆಗೆ ಹಸಿವು ತಡೆಯಲು 1840ರ ಸುಮಾರಿಗೆ ಇನ್ನೊಂದು ಟೀ ಶುರುವಾಯಿತು: ನಾಲ್ಕು ಗಂಟೆಗೆ ತೆಳು ಸ್ಯಾಂಡ್‌ವಿಚ್, ಕೇಕು. ಸಿನಿಮಾಗಳಲ್ಲಿ ನಾವು ನೋಡಿರೋದು ಇದನ್ನೇ. ನನಗಂತೂ ಗಿರಣಿಯವರ ಟೀ ಮೇಲೇ ಪ್ರೀತಿ ಜಾಸ್ತಿ. ನೀವು ಈ ಕಡೆ ಬಂದಾಗ ಯಾರಾದರೂ ಟೀಗೆ ಕರೆದರೆ ಗಂಟೆ ಗಮನಿಸಿ. ನಾಲ್ಕಕ್ಕಾದರೆ ಕೇಕು ಇರಬಹುದು. ಐದೂವರೆ, ಆರು ಅಂದರೆ ಊಟವೇ.

ಯೋಚಿಸಿದರೆ, ನಮ್ಮ ಮನೆಯಲ್ಲೂ ಹೀಗೇ ಇತ್ತಲ್ವಾ? ಅಜ್ಜಿ ರಾತ್ರಿ ಮಲಗುವ ಮುಂಚೆ “ಬೆಳಿಗ್ಗೆ ಕಾಫಿಗೆ ಏನು ಮಾಡ್ಲಿ?” ಎಂದು ಕೇಳುತ್ತಿದ್ದರು. ಕಡುಬು ಅಂತಲೋ ಅಕ್ಕಿರೊಟ್ಟಿ ಅಂತಲೋ ನಾವು ಹೇಳುತ್ತಿದ್ದೆವು. ಕಾಫಿಗೆ ಕಾಫಿ ಎಂದು ಯಾರೂ ಹೇಳಿದ್ದಿಲ್ಲ.

ಮುಂದಿನ ವಾರ ಪಕ್ಕದ ಮನೆಯ ಅಜ್ಜಿಯನ್ನು ನಾವೂ ಟೀಗೆ ಕರೆದೆವು. ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿದ್ದೆ. ಚಾಕು-ಫೋರ್ಕು ಬದಿಗಿಟ್ಟು, ನನ್ನ ಕೈ ನೋಡುತ್ತಾ ನಿಧಾನಕ್ಕೆ ರೊಟ್ಟಿ ಮುರಿದು ತಿಂದರು.

ಈಗ ಮಗಳು ಶಾಲೆಯಿಂದ ಬಂದು ಬ್ಯಾಗ್ ಇಳಿಸುತ್ತಲೇ “ಟೀಗೆ ಏನಮ್ಮಾ?” ಅನ್ನುತ್ತಾಳೆ. ಅನ್ನ, ತಿಳಿಸಾರು, ಹಪ್ಪಳ ಅನ್ನುತ್ತೇನೆ.