ಸಬ್ಸಿಡಿಯಾರಿಟಿ ಅಂದ್ರೆ ಸರ್ಕಾರ ದೂರ ಇರಲಿ ಅಂತಲ್ಲ

ಮೊನ್ನೆ ಗೆಳೆಯನೊಬ್ಬನ ಜೊತೆ ಅಮೆರಿಕದ ಆರೋಗ್ಯ ವಿಮೆ ಬಗ್ಗೆ ವಾದಕ್ಕೆ ಬಿದ್ದೆ. ಅವನು ಓದಿಕೊಂಡವನು, ಭಾನುವಾರದ ಪೂಜೆ ತಪ್ಪಿಸದವನು. ಎಲ್ಲರಿಗೂ ಚಿಕಿತ್ಸೆ ಸಿಗುವ ಹಾಗೆ ಸರ್ಕಾರವೇ ನೋಡಿಕೊಳ್ಳಬೇಕು ಅನ್ನುವುದು ಕ್ಯಾಥೊಲಿಕ್ ಬೋಧನೆಗೇ ವಿರುದ್ಧ, ಸಬ್ಸಿಡಿಯಾರಿಟಿ ಅಂತ ಒಂದು ತತ್ವ ಇದೆ ಗೊತ್ತಾ ಅಂದ. ಗೊತ್ತಿತ್ತು, ಆದರೆ ಅವನು ಹೇಳಿದ ಅರ್ಥದಲ್ಲಿ ಅಲ್ಲ. ಅಲ್ಲೇ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕೈಕಾಲು ತೊಳೆಯುವಾಗ ಹೊಳೆಯಿತು, ಯಾವಾಗಲೂ ಹಾಗೇ ಅಲ್ವಾ.

ಈ ತತ್ವವನ್ನು ಬಿಡಿಸಿ ಹೇಳಿದವರು ಪೋಪ್ 11ನೇ ಪಿಯುಸ್, 1931ರಲ್ಲಿ ಇಡೀ ಚರ್ಚಿಗೆ ಬರೆದ ಬೋಧನೆಯ ಪತ್ರದಲ್ಲಿ. ಚಿಕ್ಕ ಗುಂಪು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆ ಕಿತ್ತುಕೊಳ್ಳಬಾರದು ಅನ್ನುವುದು ಅದರ ತಿರುಳು. ಪತ್ರ ಬಂದ ಕೆಲವೇ ದಿನಗಳಲ್ಲಿ ಇಟಲಿಯಲ್ಲಿ ಮುಸೊಲಿನಿ ಕ್ಯಾಥೊಲಿಕ್ ಯುವಕರ ಸಂಘಗಳನ್ನು ಮುಚ್ಚಿಸಿದ, ಎಲ್ಲವೂ ಸರ್ಕಾರದ ಹೊಟ್ಟೆಯೊಳಗೇ ಇರಬೇಕು ಅನ್ನುವವನು ಅವನು. ಪೋಪ್ ಯಾಕೆ ಹಾಗೆ ಬರೆದರು ಅಂತ ಆಮೇಲೆ ಕೇಳಬೇಕಾಗಿಯೇ ಇಲ್ಲ. ಆದರೆ ಪದದ ಬೇರು ನೋಡಿ. ಲ್ಯಾಟಿನ್ನಿನ 'ಸಬ್ಸಿಡಿಯುಮ್' ಅಂದರೆ ನೆರವು. ರೋಮನ್ ಸೈನ್ಯದಲ್ಲಿ, ಮುಂದಿನ ಸಾಲು ಸೋತಾಗ ನುಗ್ಗಲಿ ಅಂತ ಹಿಂದೆ ಕಾಯಿಸಿ ಇಡುತ್ತಿದ್ದ ಪಡೆಗೂ ಇದೇ ಹೆಸರು. ನಾವು ದಿನಾ ಹೇಳುವ ಸಬ್ಸಿಡಿಯೂ ಅದೇ ಮನೆತನದ್ದು. ಅಂದರೆ ಕೆಳಗಿನವರ ಕೈಲಾಗುವವರೆಗೆ ಮೇಲಿನವರು ಸುಮ್ನಿರಬೇಕು, ಕೈಲಾಗದೇ ಹೋದಾಗ ಬರಲೇಬೇಕು. ನನ್ನ ಗೆಳೆಯ ಮೊದಲರ್ಧ ಮಾತ್ರ ಓದಿದ್ದ.

ಇನ್ನರ್ಧಕ್ಕೆ ಇನ್ನೊಂದು ಪತ್ರ ಓದಬೇಕು. 1963ರಲ್ಲಿ ಪೋಪ್ 23ನೇ ಜಾನ್ ಬರೆದ 'ಪಾಚೆಮ್ ಇನ್ ತೆರಿಸ್'. ಮನುಷ್ಯನಿಗೆ ಬದುಕುವ ಹಕ್ಕಿದೆ ಅಂತ ಹೇಳಿ, ಅದರ ಜೊತೆಗೇ ಅನ್ನ, ಬಟ್ಟೆ, ಸೂರು, ವೈದ್ಯಕೀಯ ಆರೈಕೆ ಅಂತ ಸಾಲಾಗಿ ಬರೆದಿದ್ದಾರೆ. ಕಾಯಿಲೆ ಬಿದ್ದಾಗ, ವಯಸ್ಸಾದಾಗ, ಕೆಲಸ ಹೋದಾಗ ನೋಡಿಕೊಳ್ಳುವವರು ಇರಬೇಕು ಅನ್ನುವುದೂ ಹಕ್ಕು. ದಾನ ಅನ್ನಲಿಲ್ಲ, ಹಕ್ಕು ಅಂದರು. ದಾನವಾದರೆ ಕೊಡುವವನ ಮನಸ್ಸು, ಹಕ್ಕಾದರೆ ಯಾರೋ ಒಬ್ಬರ ತಲೆಯ ಮೇಲೆ ಅದರ ಹೊಣೆ ಬೀಳುತ್ತದೆ.

ಹಾಗಾದರೆ 2010ರಲ್ಲಿ ಅಮೆರಿಕದ ಬಿಷಪ್‌ಗಳು ಹೆಚ್ಚು ಜನರಿಗೆ ವಿಮೆ ಸಿಗಲಿ ಅಂತ ತಂದ ಒಬಾಮಾ ಅವರ ಆರೋಗ್ಯ ಕಾನೂನನ್ನು ಯಾಕೆ ವಿರೋಧಿಸಿದರು? ಸರ್ಕಾರ ದೊಡ್ಡದಾಗುತ್ತದೆ ಅನ್ನುವ ಭಯಕ್ಕೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ. ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಅಂತ ಅವರು ಹತ್ತಾರು ವರ್ಷಗಳಿಂದ ಹೇಳುತ್ತಲೇ ಬಂದಿದ್ದರು. ಅವರ ತಕರಾರು ಮುಖ್ಯವಾಗಿ ಗರ್ಭಪಾತದ ದುಡ್ಡಿನ ಮೇಲೆ. 2009ರ ನವೆಂಬರ್‌ನಲ್ಲಿ ಮಿಶಿಗನ್ನಿನ ಡೆಮಾಕ್ರಟ್ ಬಾರ್ಟ್ ಸ್ಟುಪಾಕ್ ತಂದ ತಿದ್ದುಪಡಿ ಕೆಳಮನೆಯಲ್ಲಿ 240-194ರಿಂದ ಗೆದ್ದಿತ್ತು. ಸರ್ಕಾರದ ನೆರವು ಪಡೆಯುವ ವಿಮೆಯಲ್ಲಿ, ತೀರಾ ಕೆಲವು ಸಂದರ್ಭ ಬಿಟ್ಟರೆ, ಗರ್ಭಪಾತಕ್ಕೆ ಜಾಗವೇ ಇಲ್ಲ ಅಂತ ಅದು ಹೇಳಿತ್ತು. ಮೇಲ್ಮನೆಯಾದ ಸೆನೆಟ್ ಬೇರೆ ದಾರಿ ಹಿಡಿಯಿತು: ವಿಮೆಯಲ್ಲಿ ಅದು ಇರಬಹುದು, ಆದರೆ ಅದರ ಕಂತನ್ನು ಬೇರೆ ಕಟ್ಟಿಸಿಕೊಂಡು ಬೇರೆ ಲೆಕ್ಕದಲ್ಲಿ ಇಡಬೇಕು. ಬಿಷಪ್‌ಗಳಿಗೆ ಇದು ಬರೀ ಕಾಗದದ ಗೋಡೆ ಅನ್ನಿಸಿತು. ಕ್ಯಾಥೊಲಿಕ್ ಆಸ್ಪತ್ರೆಗಳ ಒಕ್ಕೂಟ ನಡೆಸುತ್ತಿದ್ದ ಸನ್ಯಾಸಿನಿ ಸಿಸ್ಟರ್ ಕ್ಯಾರಲ್ ಕೀಹನ್ ಅವರಿಗೆ ಇದು ಸಾಕು ಅನ್ನಿಸಿತು. ಇನ್ನೂ ಹತ್ತಾರು ಸಿಸ್ಟರ್‌ಗಳು ಕಾನೂನಿನ ಪರ ಪತ್ರಕ್ಕೆ ಸಹಿ ಹಾಕಿದರು. ಕೊನೆಗೆ ಒಬಾಮಾ ಗರ್ಭಪಾತಕ್ಕೆ ಸರ್ಕಾರದ ದುಡ್ಡು ಹೋಗದ ಹಾಗೆ ಒಂದು ಆದೇಶ ಹೊರಡಿಸುತ್ತೇನೆ ಅಂತ ಮಾತು ಕೊಟ್ಟರು, ಸ್ಟುಪಾಕ್ ಒಪ್ಪಿದರು, 2010ರ ಮಾರ್ಚ್ 21ರಂದು ಕೆಳಮನೆಯಲ್ಲಿ 219-212ರಲ್ಲಿ ಮಸೂದೆ ಪಾಸಾಯಿತು. ಎರಡು ದಿನ ಬಿಟ್ಟು ಒಬಾಮಾ ಸಹಿ ಹಾಕಿದ ಪೆನ್ನುಗಳಲ್ಲಿ ಒಂದು ಸಿಸ್ಟರ್ ಕ್ಯಾರಲ್ ಅವರಿಗೆ ಹೋಯಿತು.

ನಾನು ಸಿಸ್ಟರ್‌ಗಳ ಕಡೆ. ಬಿಷಪ್‌ಗಳ ಆತಂಕ ಸುಳ್ಳು ಅಂತ ಅಲ್ಲ. ಅವರ ಬೋಧನೆಯಲ್ಲಿ ಹುಟ್ಟದ ಮಗುವಿನ ಜೀವವನ್ನು ಉಳಿದ ಲೆಕ್ಕಗಳ ಜೊತೆ ತೂಗುವ ಹಾಗಿಲ್ಲ, ಅದನ್ನು ಬಿಟ್ಟುಕೊಡಿ ಅಂತ ಹೊರಗಿನವರು ಹೇಳುವುದು ಸುಲಭ. ಆದರೆ ಇಲ್ಲಿ ಎರಡೂ ಕಡೆಯವರು ಅದೇ ಬೋಧನೆ ಒಪ್ಪಿದವರೇ. ಜಗಳ ಇದ್ದದ್ದು ಆ ಲೆಕ್ಕದ ಗೋಡೆ ನಿಲ್ಲುತ್ತದೋ ಬೀಳುತ್ತದೋ ಅನ್ನುವುದರ ಮೇಲೆ. ಅದು ಕಾನೂನು ಓದುವ ಕೆಲಸ, ವಿಶ್ವಾಸದ ಪ್ರಶ್ನೆ ಅಲ್ಲ. ಸಿಸ್ಟರ್ ಕ್ಯಾರಲ್ ನರ್ಸ್ ಆಗಿ ಶುರು ಮಾಡಿ ಆಮೇಲೆ ವಾಷಿಂಗ್ಟನ್ನಿನಲ್ಲಿ ಆಸ್ಪತ್ರೆಯನ್ನೇ ನಡೆಸಿದವರು. ವಿಮೆ ಇಲ್ಲದವನು ತುರ್ತು ವಿಭಾಗಕ್ಕೆ ಬರುವಷ್ಟರಲ್ಲಿ ಏನಾಗಿರುತ್ತದೆ ಅಂತ ಅಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1986ರ ಕಾನೂನಿನ ಪ್ರಕಾರ ತುರ್ತು ರೋಗಿಯನ್ನು ದುಡ್ಡಿಲ್ಲ ಅಂತ ಹಾಗೇ ವಾಪಸ್ ಕಳಿಸುವ ಹಾಗಿಲ್ಲ, ನಿಜ. ಆದರೆ ಆ ಕಾನೂನು ಸಕ್ಕರೆ ಕಾಯಿಲೆಗೆ ತಿಂಗಳ ಮಾತ್ರೆ ಕೊಡಿಸುವುದಿಲ್ಲ, ಕಾಲು ಕೊಳೆತ ಮೇಲೆ ಕತ್ತರಿಸಲು ಒಳಗೆ ಬಿಡುತ್ತದೆ ಅಷ್ಟೇ.

ಅಂದ ಹಾಗೆ ಬಿಷಪ್‌ಗಳ ಇನ್ನೊಂದು ತಕರಾರು ಯಾರಿಗೂ ನೆನಪೇ ಇಲ್ಲ. ದಾಖಲೆ ಇಲ್ಲದ ವಲಸಿಗರು ಸ್ವಂತ ದುಡ್ಡು ಕೊಟ್ಟರೂ ಹೊಸ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳುವ ಹಾಗಿಲ್ಲ ಅಂತ ಈ ಕಾನೂನಿನಲ್ಲಿ ಬರೆದಿತ್ತು. ಇದು ತಪ್ಪು ಅಂತ ಬಿಷಪ್‌ಗಳು ಹೇಳಿದರು. ಅವರನ್ನು ಹೊತ್ತು ಮೆರೆಸಿದ ರಾಜಕಾರಣಿಗಳು ಆ ಸಾಲನ್ನು ಮಾತ್ರ ಜಾಣತನದಿಂದ ಹಾರಿಸಿಬಿಟ್ಟರು.

ಗೆಳೆಯನ ಕೊನೇ ಅಸ್ತ್ರ ಹೀಗಿತ್ತು: ಮೊದಲೆಲ್ಲ ಸಿಸ್ಟರ್‌ಗಳೇ ಆಸ್ಪತ್ರೆ ಕಟ್ಟಿ ನಡೆಸುತ್ತಿದ್ದರಲ್ಲ, ಆಗ ಸರ್ಕಾರ ಎಲ್ಲಿತ್ತು? ಒಳ್ಳೆಯ ಪ್ರಶ್ನೆ. 1883ರಲ್ಲಿ ಮಿನೆಸೋಟಾದ ರಾಚೆಸ್ಟರ್ ಊರಿನ ದೊಡ್ಡ ಭಾಗವನ್ನು ಸುಂಟರಗಾಳಿ ನೆಲಸಮ ಮಾಡಿತು. ಗಾಯಾಳುಗಳನ್ನು ನೋಡಿಕೊಂಡವರಲ್ಲಿ ಪಾಠ ಹೇಳುತ್ತಿದ್ದ ಫ್ರಾನ್ಸಿಸ್ಕನ್ ಸಿಸ್ಟರ್‌ಗಳೂ ಇದ್ದರು. ಅವರ ಮುಖ್ಯಸ್ಥೆ ಮದರ್ ಆಲ್ಫ್ರೆಡ್ ಮೋಸ್ ಅಲ್ಲಿನ ಡಾಕ್ಟರ್ ಮೇಯೋ ಅವರ ಬೆನ್ನು ಹತ್ತಿದರು, ನಾವು ಆಸ್ಪತ್ರೆ ಕಟ್ಟುತ್ತೇವೆ, ನೀವು ನೋಡಿಕೊಳ್ಳಿ ಅಂತ. 1889ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆ ಶುರುವಾಯಿತು. ಜಗತ್ತೇ ಹೆಸರು ಹೇಳುವ ಮೇಯೋ ಕ್ಲಿನಿಕ್ ಬೆಳೆದದ್ದು ಅಲ್ಲಿಂದ. ಮೇಲಿನವರ ಕೈ ಕಾಯದೆ ಕೆಳಗಿನವರೇ ಮಾಡಿದ ಕೆಲಸಕ್ಕೆ ಇದಕ್ಕಿಂತ ಚಂದದ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಅವತ್ತಿನ ಆಸ್ಪತ್ರೆಗೆ ಬೇಕಿದ್ದದ್ದು ಹಾಸಿಗೆ, ಬಿಸಿನೀರು, ಒಳ್ಳೆಯ ಕೈಗಳು. ಇವತ್ತು ಸ್ಕ್ಯಾನಿಂಗ್ ಯಂತ್ರ, ಕ್ಯಾನ್ಸರ್ ಔಷಧಿ, ಸಾಲ ವಸೂಲಿ ವಿಭಾಗ ಎಲ್ಲಾ ಇವೆ. ಕೊನೆಯದನ್ನು ವ್ಯಂಗ್ಯಕ್ಕೆ ಹೇಳಿದ್ದಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ, ಸಿಸ್ಟರ್‌ಗಳೇ ಶುರು ಮಾಡಿದ ಒಂದು ದೊಡ್ಡ ಆಸ್ಪತ್ರೆ ಬಳಗದ ಮೇಲೆ 2022ರಲ್ಲಿ ರಾಜ್ಯ ಸರ್ಕಾರ ಕೇಸು ಹಾಕಿತು. ಕಾನೂನಿನ ಪ್ರಕಾರ ಉಚಿತ ಅಥವಾ ಕಡಿಮೆ ದರದ ಚಿಕಿತ್ಸೆಗೆ ಅರ್ಹರಾದ ಬಡವರ ಹತ್ತಿರವೂ ದುಡ್ಡು ಕೇಳಿದರು, ಕೊಡದವರ ಹೆಸರನ್ನು ವಸೂಲಿಗಾರರಿಗೆ ಒಪ್ಪಿಸಿದರು ಅನ್ನುವುದು ದೂರು. 2024ರಲ್ಲಿ ರಾಜಿಯಾಯಿತು. ಸಾಲ ಮನ್ನಾ, ವಾಪಸ್ ಕೊಟ್ಟದ್ದು ಎರಡೂ ಸೇರಿ 15 ಕೋಟಿ ಡಾಲರ್‌ಗೂ ಜಾಸ್ತಿ.

ಆ ಬಡವರ ಪರ ಹಿಂದಿನ ಸಾಲಿನಿಂದ ನುಗ್ಗಿ ಬಂದದ್ದು ಸರ್ಕಾರ. ಗೆಳೆಯನಿಗೆ ಇದನ್ನು ಇನ್ನೂ ಹೇಳಿಲ್ಲ, ಭಾನುವಾರ ಸಿಗುತ್ತಾನೆ.