ಹತ್ತೊಂಬತ್ತರ ಹುಡುಗಿಯ ಪ್ರಶ್ನೆ

ದೌರ್ಜನ್ಯದಿಂದ ಹೊರಬಂದ ಯುವಜನರ ಆರೋಗ್ಯ ತರಗತಿಯಲ್ಲಿ ಇವತ್ತು ಸುಮ್ನೆ ಹಿಂದೆ ಕೂತಿದ್ದೆ. ಒಬ್ಬಳು ಕೇಳಿದಳು: "ಯಾರಾದ್ರೂ ಜೋರಾಗಿ ಕೂಗಿದ್ರೆ ಕೈ ನಡುಗುತ್ತೆ. ಇದು ಕಾಯಿಲೆನಾ? ಕೆಲಸದಲ್ಲಿ ಹೀಗಾದ್ರೆ?" ಹಳೆಯ ಅಪಾಯವನ್ನು ಮೈ ಇನ್ನೂ ಮರೆತಿಲ್ಲ ಅಷ್ಟೇ ಎಂದರು ಕಲಿಸುವವರು. ನಿಧಾನವಾಗಿ ಉಸಿರು ಬಿಡುವುದನ್ನು ತೋರಿಸಿದರು. ಅವಳ ಬಿಗಿದ ಭುಜ ಸ್ವಲ್ಪ ಇಳಿಯಿತು.

ಕೆಲಸ ಕೊಡಿಸಿದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಸಂಬಳ ಬೇಕು, ನಿಜ. ಕೈಯಲ್ಲಿ ದುಡ್ಡಿಲ್ಲದೆ ಎಷ್ಟೋ ಜನ ಹೊಡೆಯುವವರ ಮನೆಗೇ ವಾಪಸ್ ಹೋಗುತ್ತಾರೆ. ಆದರೆ ಕೌನ್ಸೆಲಿಂಗ್‌ಗೆ ಒಂದು ಗಂಟೆ ಬಿಡುವು ಕೊಡದ ಕೆಲಸ ಎಷ್ಟು ದಿನ ಉಳಿಯುತ್ತದೆ?

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 39ನೇ ವಿಧಿ ಇಂಥ ಚೇತರಿಕೆಯ ಬಗ್ಗೆಯೇ ಇದೆ. ಆದರೆ ಅದು 18ರೊಳಗಿನವರಿಗೆ. ಹುಟ್ಟುಹಬ್ಬಕ್ಕೆ ಗಾಯ ಮಾಯುವುದಿಲ್ಲ ಅಲ್ವಾ?

ಅವಳಿಗೆ ಸೋಮವಾರ ಇಂಟರ್‌ವ್ಯೂ ಇದೆಯಂತೆ.