ಹಣ್ಣೆಲೆಗಳ ದಾರಿಯಲ್ಲಿ ಎತ್ತರದ ಲೆಕ್ಕ

ಅಕ್ಟೋಬರ್ ಮೂರನೆಯ ವಾರದಲ್ಲಿ ಅಮೆರಿಕದ ಬ್ಲೂ ರಿಜ್ ಪಾರ್ಕ್‌ವೇ ಎಂಬ ಬೆಟ್ಟದ ರಸ್ತೆಯ ಅತಿ ಎತ್ತರದ ತಾಣವಾದ ರಿಚ್‌ಲ್ಯಾಂಡ್ ಬಾಲ್ಸಮ್‌ನಲ್ಲಿ ಕಾರು ನಿಲ್ಲಿಸಿ ಇಳಿದಾಗ ಕಂಡದ್ದು ಬೋಳು ಕೊಂಬೆಗಳು ಮತ್ತು ಅವುಗಳ ನಡುವೆ ಕಪ್ಪಾಗಿ ನಿಂತಿದ್ದ ಸ್ಪ್ರೂಸ್, ಫರ್ ಮರಗಳು ಮಾತ್ರ. ಉದುರುವ ಮುನ್ನ ಎಲೆಗಳಿಗೆ ಬರುವ ಬಣ್ಣ ನೋಡಲೆಂದೇ ರಜೆ ಹೊಂದಿಸಿಕೊಂಡು ಬಂದಿದ್ದವನಿಗೆ ಆದ ನಿರಾಸೆ ಅಷ್ಟಿಷ್ಟಲ್ಲ. ಆದರೆ ಅದೇ ಮಧ್ಯಾಹ್ನ ಆಶ್‌ವಿಲ್ ನಗರದ ಕಡೆಗೆ ಇಳಿಯುತ್ತ ಸಾವಿರ ಮೀಟರ್ ಎತ್ತರದ ಆಸುಪಾಸಿಗೆ ಬಂದಾಗ ಹಿಕರಿ ಮರಗಳ ಹೊನ್ನು, ಸೋರ್‌ವುಡ್‌ನ ಕಡುಗೆಂಪು, ಮೇಪಲ್‌ನ ಕಿತ್ತಳೆ ಎಲ್ಲವೂ ಒಟ್ಟಿಗೇ ಎದುರಾದವು. ನಾನು ತಡವಾಗಿ ಬಂದಿರಲಿಲ್ಲ, ಹೆಚ್ಚು ಮೇಲಕ್ಕೆ ಹೋಗಿದ್ದೆ, ಅಷ್ಟೆ.

ವರ್ಜೀನಿಯಾದ ಶೆನಾಂಡೋವಾದಿಂದ ನಾರ್ತ್ ಕ್ಯಾರೊಲಿನಾದ ಗ್ರೇಟ್ ಸ್ಮೋಕಿ ಪರ್ವತಗಳವರೆಗೆ 755 ಕಿಲೋಮೀಟರ್ ಸಾಗುವ ಈ ರಸ್ತೆ, ಜೇಮ್ಸ್ ನದಿಯ ಬಳಿ 200 ಮೀಟರಿಗಿಂತ ತುಸು ಕೆಳಗಿದ್ದು, ರಿಚ್‌ಲ್ಯಾಂಡ್ ಬಾಲ್ಸಮ್‌ನಲ್ಲಿ 1,845 ಮೀಟರ್ ಮುಟ್ಟುತ್ತದೆ. ಚಳಿ ಮೊದಲು ಶಿಖರಕ್ಕೆ ತಾಗುವುದರಿಂದ ಬಣ್ಣವೂ ಅಲ್ಲಿಯೇ ಹುಟ್ಟಿ, ವಾರಗಟ್ಟಲೆ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಆದ್ದರಿಂದ 'ಯಾವ ದಿನ ಹೋಗಬೇಕು' ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಹೋದ ದಿನ ಯಾವ ಎತ್ತರದಲ್ಲಿರಬೇಕು ಎಂದು ಯೋಚಿಸುವುದೇ ಮೇಲು. ಅಕ್ಟೋಬರ್ ಮೊದಲ ದಿನಗಳಾದರೆ 418ನೆಯ ಮೈಲಿಗಲ್ಲಿನ ಸಮೀಪದ ಗ್ರೇವ್‌ಯಾರ್ಡ್ ಫೀಲ್ಡ್ಸ್ ಸರಿಯಾದ ಜಾಗ. 1925ರ ಕಾಡ್ಗಿಚ್ಚಿನಲ್ಲಿ ಸುಟ್ಟುಹೋದ ಈ ಕಣಿವೆಯಲ್ಲಿ ದೊಡ್ಡ ಮರಗಳಿಗಿಂತ ಪೊದೆಗಳೇ ಹೆಚ್ಚಾಗಿ ಬೆಳೆದಿರುವುದರಿಂದ ಕೆಂಪು ಬಣ್ಣ ಮೊಣಕಾಲೆತ್ತರದಲ್ಲಿಯೇ ಹರಡಿಕೊಂಡಿರುತ್ತದೆ.

ತಿಂಗಳ ನಡುವಿಗೆ ನನ್ನ ಆಯ್ಕೆ ಗ್ರ್ಯಾಂಡ್‌ಫಾದರ್ ಪರ್ವತದ ಮಗ್ಗುಲಿನ ಲಿನ್ ಕೋವ್ ಸೇತುವೆ. 1935ರಲ್ಲಿ ಆರಂಭವಾದ ಪಾರ್ಕ್‌ವೇ ಕಾಮಗಾರಿ ಪೂರ್ಣಗೊಂಡದ್ದು 1987ರಲ್ಲಿ, ಈ ತುಣುಕು ಸಂಚಾರಕ್ಕೆ ತೆರೆದ ಮೇಲೆ. ಬೆಟ್ಟವನ್ನು ಕಡಿಯದೆ, ಅದರ ಮೈಯಿಂದ ತುಸು ದೂರ ಸರಿದು ಹಾವಿನಂತೆ ಬಳುಕುವ ಈ ಸೇತುವೆಯನ್ನು 153 ಕಾಂಕ್ರೀಟ್ ತುಂಡುಗಳಿಂದ ಜೋಡಿಸಲಾಗಿದ್ದು, ಅವುಗಳಲ್ಲಿ ನೇರವಾಗಿರುವುದು ಒಂದೇ ಒಂದು. ಚಾಲಕರಿಗೆ ಇಲ್ಲಿ ಏನೂ ಕಾಣದು, ತಿರುವುಗಳು ಬಿಡುವುದಿಲ್ಲ. ಪಕ್ಕದ ರಫ್ ರಿಜ್ ಹಾದಿಯನ್ನು ಹತ್ತಿ ಬಂಡೆಯ ಮೇಲೆ ನಿಂತರೆ ಮಾತ್ರ ಸೇತುವೆ ಮತ್ತು ಕಾಡು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ.

ಆ ಹಾದಿಯಲ್ಲಿ ಒಂದು ಮೇಪಲ್ ಎಲೆಯನ್ನು ಎತ್ತಿಕೊಂಡಿದ್ದೆ. ಇಡೀ ಎಲೆ ಕೆಂಪಾಗಿದ್ದರೂ ಅದರ ಮೇಲೆ ಇನ್ನೊಂದು ಎಲೆಯ ಆಕಾರ ಅಚ್ಚೊತ್ತಿದಂತೆ ಹಳದಿಯಾಗಿಯೇ ಉಳಿದಿತ್ತು. ಪತ್ರಹರಿತ್ತು ಕರಗಿದಾಗ ಹೊರಬೀಳುವ ಹಳದಿ ಮೊದಲಿನಿಂದಲೂ ಎಲೆಯಲ್ಲಿದ್ದದ್ದೇ, ಕೆಂಪು ಹಾಗಲ್ಲ. ತೊಟ್ಟಿನ ಬುಡದಲ್ಲಿ ದಾರಿ ಮುಚ್ಚುತ್ತ ಬಂದಂತೆ ಎಲೆಯೊಳಗೇ ಸಿಕ್ಕಿಕೊಂಡ ಸಕ್ಕರೆಯಿಂದ, ಬಿಸಿಲಿನ ನೆರವಿನಲ್ಲಿ, ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ಹೊಸದಾಗಿ ತಯಾರಾಗುತ್ತದೆ. ನನ್ನ ಎಲೆಯ ಮೇಲೆ ಇನ್ನೊಂದರ ನೆರಳು ಬಿದ್ದಲ್ಲಿ ಅದು ಹುಟ್ಟಲಿಲ್ಲ. ಹಗಲು ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇರುವ ವರ್ಷಗಳಲ್ಲಿ ಕೆಂಪು ಹೆಚ್ಚು ಸೊಗಸಾಗಿರುವುದಕ್ಕೂ ಇದೇ ಕಾರಣ. ಎಲೆ 'ಹಣ್ಣಾಯಿತು' ಎನ್ನುವ ನಮ್ಮ ಮಾತು ಅಂದಿನಿಂದ ನನಗೆ ಇನ್ನಷ್ಟು ಇಷ್ಟವಾಗಿದೆ.

ಪಾರ್ಕ್‌ವೇಯಲ್ಲಿ ಪೆಟ್ರೋಲ್ ಬಂಕ್‌ಗಳಿಲ್ಲ. ವೇಗದ ಮಿತಿ ಹೆಚ್ಚೆಂದರೆ ಗಂಟೆಗೆ 45 ಮೈಲಿ. ಮಂಜು ಹೇಳದೆ ಕೇಳದೆ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದಿಂದ ಹಲವೆಡೆ ಭೂಕುಸಿತವಾಗಿ ರಸ್ತೆ ಮುಚ್ಚಿತ್ತಾದ್ದರಿಂದ, ಹೊರಡುವ ಮುನ್ನ ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ಯಾವ ಭಾಗ ತೆರೆದಿದೆ ಎಂದು ನೋಡಿಕೊಳ್ಳಬೇಕು. ಶನಿವಾರ, ಭಾನುವಾರಗಳನ್ನು ಬಿಟ್ಟುಬಿಡಿ. ನೋಟದ ತಾಣಗಳಲ್ಲಿ ಎಲೆಗಳಿಗಿಂತ ಕಾರುಗಳೇ ಹೆಚ್ಚಿರುತ್ತವೆ. ಸೂರ್ಯನನ್ನು ಬೆನ್ನಿಗಿಟ್ಟು ನೋಡುವುದಕ್ಕಿಂತ ಬೆಳಕು ಎಲೆಯ ಹಿಂದಿನಿಂದ ಹಾಯ್ದು ಬರುವಂತೆ, ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ನಿಲ್ಲುವುದು ಒಳ್ಳೆಯದು. ನವೆಂಬರ್ ಬಂದೇಬಿಟ್ಟಿದ್ದರೆ ಶಿಖರಗಳ ಆಸೆ ಬಿಟ್ಟು ಜೇಮ್ಸ್ ನದಿಯ ಕಡೆಗಿನ ತಗ್ಗಿಗೆ ಇಳಿಯಿರಿ. ಉಳಿದವು ಉದುರಿದ ಮೇಲೂ ಓಕ್ ಮರಗಳು ತಮ್ಮ ತುಕ್ಕುಗೆಂಪು ಎಲೆಗಳನ್ನು ಅಲ್ಲಿ ಇನ್ನೂ ಹಿಡಿದುಕೊಂಡಿರುತ್ತವೆ.